ಆನೆಗೆ ಕಾಯುವುದು, ರಾಗಿ ಕಾಯುವುದು

ಒಂದೇ ಶೆಡ್ಡು, ಒಂದೇ ರಾತ್ರಿ. ಇಬ್ಬರು ನಿದ್ದೆಗೆಟ್ಟು ಕೂತಿದ್ದಾರೆ. ಒಬ್ಬನಿಗೆ ಆನೆ ಬರಬೇಕು. ಇನ್ನೊಬ್ಬರಿಗೆ ಬರಬಾರದು. ಮೊದಲನೆಯವನು ನಾನು, ಎರಡನೆಯವರು ನಮ್ಮಪ್ಪ. ಹೊಲ ನಮ್ಮದೇ.

ನಾನು ಹಾಗೆ ಬಯಸಿದ್ದು ತಪ್ಪಾ? ನಾವು ಬಯಸಿದ ಮಾತ್ರಕ್ಕೆ ಆನೆ ಬರೋದಿಲ್ಲ, ಬೇಡ ಅಂದ ಮಾತ್ರಕ್ಕೆ ನಿಲ್ಲೋದೂ ಇಲ್ಲ. ಲೆಕ್ಕ ಹಾಕಿದರೆ ನನ್ನ ಬಯಕೆಯಿಂದ ಒಂದು ರಾಗಿ ಕಾಳೂ ಹಾಳಾಗಿಲ್ಲ. ಆದರೂ ಎರಡು ವರ್ಷದಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಬರೆದರೆ ಇತ್ಯರ್ಥ ಆಗುತ್ತೇನೋ ಅಂತ ಬರೀತಿದೀನಿ.

ಇದೆಲ್ಲ ಶುರುವಾಗಿದ್ದು ಆಫೀಸಿನ ಊಟದ ಟೇಬಲ್ಲಿನಲ್ಲಿ. ನಮ್ಮ ಟೀಮಿನ ಗೆಳೆಯನೊಬ್ಬ 2022ರ ಜುಲೈನಲ್ಲಿ ಕೆಲಸದ ಮೇಲೆ ಅಮೆರಿಕಕ್ಕೆ ಹೋದವನು, ಒಂದು ವಾರ ರಜೆ ಹಾಕಿ ಅಲಾಸ್ಕ ನೋಡಿ ಬಂದಿದ್ದ. ಅಲ್ಲಿ ಕಾಡಿನೊಳಗೆ ಸರ್ಕಾರದ್ದೇ ಮರದ ಮನೆಗಳಿವೆ. ಬಾಡಿಗೆ ಕಟ್ಟಿ ಯಾರು ಬೇಕಾದರೂ ಉಳಿಯಬಹುದು. ಎಷ್ಟೋ ಮನೆಗಳಿಗೆ ರಸ್ತೆಯೇ ಇಲ್ಲ. ದೋಣಿಯಲ್ಲೋ, ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನದಲ್ಲೋ ಹೋಗಬೇಕು. ಕರೆಂಟಿಲ್ಲ, ನಲ್ಲಿಯಿಲ್ಲ. ಒಂದು ಒಲೆ, ಮಲಗೋಕೆ ಹಲಗೆ, ಅಷ್ಟೇ. ಹಗಲು ಹೊಳೆಗೆ ಗಾಳ ಹಾಕೋದು, ಅದೇ ಹೊಳೆಗೆ ಮೀನು ಹಿಡಿಯೋಕೆ ಬರುವ ಕರಡಿಗಳನ್ನು ದೂರದಿಂದ ನೋಡೋದು. ಹೊರಡುವಾಗ ಮುಂದೆ ಬರುವವರಿಗೆ ಅಂತ ಒಂದಿಷ್ಟು ಸೌದೆ ಒಡೆದಿಟ್ಟು ಬರೋದು.

"ಇದೇನ್ ಮಹಾ, ಅಂಥ ಮನೆ ನಮ್ಮಪ್ಪಂದೂ ಒಂದಿದೆ" ಅಂದೆ. ತಮಾಷೆಗೆ ಅಂದಿದ್ದು. ನಮ್ಮೂರು ಬಂಗಾರಪೇಟೆ ತಾಲ್ಲೂಕು, ಕಾಮಸಮುದ್ರದ ಕಡೆ, ತಮಿಳುನಾಡಿನ ಗಡಿಗೆ ಹತ್ತಿರ. ಹೊಲದಲ್ಲಿ ಬೋರ್‌ವೆಲ್ ಮೋಟರ್ ಇಡೋಕೆ ಕಟ್ಟಿದ ಒಂದು ಶೀಟಿನ ಶೆಡ್ಡಿದೆ. ಒಳಗೆ ಸ್ಟಾರ್ಟರ್ ಡಬ್ಬ, ಗೊಬ್ಬರದ ಚೀಲ, ಒಂದು ಮಂಚ. ಹೊಲ ದಾಟಿದರೆ ಕೆರೆ. "ನೋಡು, ಮನೆ ಆಯ್ತು, ಮೀನೂ ಆಯ್ತು. ಕರಡಿ ಇಲ್ಲ, ಅದರ ಬದಲು ಆನೆ ಬರ್ತಾವೆ" ಅಂತ ನಕ್ಕೆ. ಟೇಬಲ್ಲಿನಲ್ಲಿ ಬೇರೆ ಯಾರೂ ನಗಲಿಲ್ಲ. "ಆನೇನಾ? ನಿಜವಾಗ್ಲೂ? ಯಾವಾಗ ಹೋಗೋಣ?" ಅಂದರು.

ಆನೆ ಅನ್ನೋ ಪದ ಇಂದಿರಾನಗರದಲ್ಲಿ ಒಂಥರ ಕೇಳಿಸುತ್ತೆ, ಕಾಮಸಮುದ್ರದಲ್ಲಿ ಇನ್ನೊಂಥರ. ಆ ವ್ಯತ್ಯಾಸ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ನಾನೇ. ಆದರೂ ನಾನು ಬೇಡ ಅನ್ನಲಿಲ್ಲ. ಹುಟ್ಟಿದೂರಿನ ಬಗ್ಗೆ ಬೆಂಗಳೂರಿನವರು ಹೊಟ್ಟೆಕಿಚ್ಚು ಪಡೋದು ಅಪರೂಪ ನೋಡಿ. ಅದರ ರುಚಿ ಹತ್ತಿತ್ತು.

ಊರಿಗೆ ಹೋಗೋದಕ್ಕೆ ಮುಂಚೆ ಕರಡಿ ನೋಡೋಣ ಅಂತ ಅಕ್ಟೋಬರಿನಲ್ಲಿ ದರೋಜಿಗೆ ಹೋದೆವು. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಹೊಸಪೇಟೆಯಲ್ಲಿ ಇಳಿದರೆ ಅಲ್ಲಿಂದ ದೂರವೇನಿಲ್ಲ. 1994ರಲ್ಲಿ ಕರಡಿಗಳಿಗೆ ಅಂತಲೇ ಘೋಷಿಸಿದ ಧಾಮ ಅದು, ಸುಮಾರು 82 ಚದರ ಕಿಲೋಮೀಟರ್. ಕಾಡು ಅಂದರೆ ಮಲೆನಾಡಿನ ಕಾಡಲ್ಲ. ಕೋಲಾರದ ಅಂತರಗಂಗೆ ಬೆಟ್ಟ ನೋಡಿದವರಿಗೆ ಗುರುತು ಸಿಗುತ್ತೆ: ಒಂದರ ಮೇಲೊಂದು ಪೇರಿಸಿಟ್ಟ ಬಂಡೆ, ನಡುವೆ ಕುರುಚಲು. ನನಗಂತೂ ನಮ್ಮೂರ ಗುಡ್ಡಕ್ಕೇ ಬಂದ ಹಾಗಿತ್ತು.

ಮಧ್ಯಾಹ್ನ ಕಾವಲುಗೋಪುರ ಹತ್ತಿ ಕೂತೆವು. ಅದಕ್ಕೆ ಮುಂಚೆಯೇ ಎದುರಿನ ಗುಡ್ಡದ ಬಂಡೆಗಳಿಗೆ ಸಿಬ್ಬಂದಿ ಬೆಲ್ಲದ ಪಾಕ ಸವರಿ ಬಂದಿರುತ್ತಾರೆ. ಬಿಸಿಲು ಇಳಿದ ಮೇಲೆ ಬಂಡೆಗಳ ಸಂದಿಯಿಂದ ಒಂದು ಕಪ್ಪು ಉಂಡೆ ಉರುಳಿದ ಹಾಗಾಯಿತು. ತಾಯಿ ಕರಡಿ, ಬೆನ್ನ ಮೇಲೆ ಎರಡು ಮರಿ. ಮರಿಗಳು ಅವ್ವನ ಕೂದಲು ಹಿಡಿದು ಕೂತಿದ್ದ ರೀತಿ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಕರಡಿಗೆ ದೃಷ್ಟಿ ಮಂದ, ಮೂಗು ಚುರುಕು. ಮೂತಿ ಎತ್ತಿ ಗಾಳಿ ಮೂಸಿ, ಬಂಡೆ ನೆಕ್ಕೋಕೆ ಶುರು ಮಾಡಿತು. ಗೋಪುರದ ಮೇಲೆ ಯಾರೂ ಉಸಿರಾಡಲಿಲ್ಲ.

ಆಗ ಪಕ್ಕದಲ್ಲಿ ಕೂತಿದ್ದ ಒಂದು ಪುಟ್ಟ ಹುಡುಗಿ ಅವಳಪ್ಪನನ್ನ ಕೇಳಿದಳು: "ಬೆಲ್ಲ ಇಟ್ಟಿಲ್ಲ ಅಂದ್ರೂ ಬರುತ್ತಾಪ್ಪಾ?" ಅವರು ಶ್ ಅಂದರು. ನನಗೆ ಆ ಪ್ರಶ್ನೆಗೆ ಉತ್ತರ ಬೇಕಿತ್ತು.

ಕಾಡಿನಲ್ಲಿ ಕರಡಿ ಗೆದ್ದಲು ತಿನ್ನುತ್ತೆ, ಬಾರೆಹಣ್ಣು, ಕವಳೆಹಣ್ಣು, ಜೇನು ತಿನ್ನುತ್ತೆ. ಅದರ ಮೇಲ್ದವಡೆಯ ಮುಂದಿನ ಎರಡು ಹಲ್ಲು ಇಲ್ಲದೇ ಇರೋದು ಹುತ್ತದೊಳಗಿನ ಗೆದ್ದಲನ್ನ ಉಸಿರಿನ ಜೊತೆ ಎಳಕೊಳ್ಳೋಕೆ. ಇಂಥ ಪ್ರಾಣಿಗೆ ಬಂಡೆ ಮೇಲೆ, ಹೊತ್ತಿಗೆ ಸರಿಯಾಗಿ ಬೆಲ್ಲ. ಯಾಕೆ? ನಾವು ಆರು ಗಂಟೆಗೆ ವಾಪಸ್ ಹೊರಡಬೇಕು, ಅದಕ್ಕೆ. ಹೀಗಂದರೆ ಅನ್ಯಾಯದ ಮಾತಾಗುತ್ತೆ ಅಂತಲೂ ಗೊತ್ತು. ನೋಡೋಕೆ ಜನ ಬಂದರೆ ಕಾಡಿನ ಕಡೆ ನಾಲ್ಕು ಜನರ ಗಮನ ಇರುತ್ತೆ. ಗಮನ ಇರುವ ಗುಡ್ಡಕ್ಕೆ ಕಲ್ಲು ಒಡೆಯುವವರು ಸುಲಭವಾಗಿ ಕೈ ಹಾಕೋದಿಲ್ಲ. ಬಳ್ಳಾರಿ ಸೀಮೆಯಲ್ಲಿ ಗುಡ್ಡ ಗುಡ್ಡವಾಗಿ ಉಳಿಯೋದೇ ದೊಡ್ಡ ವಿಷಯ.

ನನಗೆ ಅಲ್ಲಿ ಕೂತಾಗ ನೆನಪಾಗಿದ್ದು ಚಿಕ್ಕಂದಿನಲ್ಲಿ ನಮ್ಮೂರಿಗೆ ಬರುತ್ತಿದ್ದ ಕರಡಿ. ಕರಡಿ ಆಡಿಸುವವರು ಮೂಗಿಗೆ ಹಗ್ಗ ಪೋಣಿಸಿ ತರುತ್ತಿದ್ದರು. ರಾತ್ರಿ ಬೆಚ್ಚಿ ಬೀಳುವ ಮಕ್ಕಳನ್ನ ಅದರ ಬೆನ್ನ ಮೇಲೆ ಕೂರಿಸಿದರೆ ಭಯ ಬಿಡುತ್ತೆ ಅಂತ ನಂಬಿಕೆ. ನನ್ನನ್ನೂ ಕೂರಿಸಿದ್ದರು. ಅವ್ವ ಒಂದು ಸೇರು ರಾಗಿ ಕೊಟ್ಟು ಕರಡಿ ಕೂದಲಿನ ತಾಯತ ಕಟ್ಟಿಸಿದ್ದಳು. ನನ್ನ ಭಯ ಹೋಯಿತೋ ಇಲ್ಲವೋ ನೆನಪಿಲ್ಲ. ಆ ಕರಡಿಯ ಮೂಗು ಮಾತ್ರ ನೆನಪಿದೆ. ಕರಡಿ ಕುಣಿಸೋದು ಈಗ ನಿಂತಿದೆ. ಕೊನೆಯದು ಅಂತ ಹೇಳುವ ಕರಡಿಯನ್ನ 2009ರ ಕೊನೆಗೆ ನಮ್ಮ ಬನ್ನೇರುಘಟ್ಟದ ಪುನರ್ವಸತಿ ಕೇಂದ್ರಕ್ಕೇ ತಂದರು. ಹಗ್ಗಕ್ಕೂ ಬೆಲ್ಲಕ್ಕೂ ಹೋಲಿಕೆಯಿಲ್ಲ, ಒಪ್ತೀನಿ. ದರೋಜಿಯ ಕರಡಿ ಬೇಡ ಅನ್ನಿಸಿದರೆ ಬರದೇ ಇರಬಹುದು. ಆದರೆ ನೋಡುವವನ ಕಣ್ಣು ಅದೇ ಅಲ್ವಾ? ಆಗ ಅಂಗಳದಲ್ಲಿ ನಿಂತಿದ್ದ, ಈಗ ಗೋಪುರ ಹತ್ತಿದ್ದಾನೆ.

ವಾಪಸ್ ಬರುವ ರೈಲಿನಲ್ಲಿ ಅಲಾಸ್ಕದ ಗೆಳೆಯನಿಗೆ ಇದನ್ನ ಹೇಳಿದೆ. ಅವನು ಅಲ್ಲಿಯ ಕಟ್ಮಾಯ್ ಉದ್ಯಾನದ ಒಂದು ನಿಯಮ ಹೇಳಿದ. ನೀವು ಬ್ರೂಕ್ಸ್ ಹೊಳೆಯಲ್ಲಿ ಗಾಳ ಹಾಕಿದ್ದೀರಿ, ಮೀನು ಕಚ್ಚಿದೆ, ಆ ಹೊತ್ತಿಗೆ ಕರಡಿ ಹತ್ತಿರ ಬಂತು ಅಂದುಕೊಳ್ಳಿ. ಕೂಡಲೇ ದಾರ ಕತ್ತರಿಸಿ ಮೀನು ಬಿಟ್ಟುಬಿಡಬೇಕು. ಮನುಷ್ಯ ಇದ್ದಲ್ಲಿ ಮೀನು ಸುಲಭಕ್ಕೆ ಸಿಗುತ್ತೆ ಅನ್ನೋ ಪಾಠ ಕರಡಿ ಕಲಿಯಬಾರದು, ಅದಕ್ಕೆ. ಅಲ್ಲೇ ಇನ್ನೊಂದು ಕಡೆ, ಮ್ಯಾಕ್‌ನೀಲ್ ಹೊಳೆ ಅಂತ, ಕರಡಿ ನೋಡೋಕೆ ದಿನಕ್ಕೆ ಹತ್ತೇ ಜನರನ್ನ ಬಿಡುತ್ತಾರೆ, ಅದೂ ಲಾಟರಿ ಎತ್ತಿ. ಲಾಟರಿಯಲ್ಲಿ ಹೆಸರು ಬರದಿದ್ದರೆ ಮನೆಯಲ್ಲಿರಬೇಕು. ನಾವು ಬದಲಾಗಬೇಕು, ಕರಡಿ ಬದಲಾಗಬಾರದು ಅನ್ನೋ ಲೆಕ್ಕ. ನನಗೆ ಇಷ್ಟವಾಯಿತು. ಆದರೆ ಅಲ್ಲಿ ಹೊಳೆಯ ದಂಡೆಯಲ್ಲಿ ಯಾರದೂ ರಾಗಿ ಹೊಲ ಇಲ್ಲ ಅನ್ನೋದು ಆಗ ನನ್ನ ತಲೆಗೆ ಹೋಗಲಿಲ್ಲ.

ಕರಡಿ ಆಯಿತು, ಮೀನು ಬಾಕಿ. ಅವನಿಗೆ ಕಾವೇರಿಯ ಮಹಶೀರ್ ಹಿಡಿಯುವ ಆಸೆ. ನಮ್ಮ ಕಡೆಯವರು ಬಿಳಿಮೀನು ಅಂತಾರೆ. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಕಾಳಿ ಕ್ಯಾಂಪುಗಳಿಗೆ ಒಂದು ಕಾಲದಲ್ಲಿ ಇದಕ್ಕಂತಲೇ ದೇಶವಿದೇಶದ ಜನ ಬರುತ್ತಿದ್ದರು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಹಿಡಿದ 120 ಪೌಂಡಿನ ಮೀನಿನ ಕಥೆಯನ್ನ ಗಾಳ ಹಾಕುವವರು ಇವತ್ತಿಗೂ ಹೇಳುತ್ತಾರೆ. ಗಾಳಕ್ಕೆ ಕಟ್ಟುತ್ತಿದ್ದದ್ದು ಏನು ಅಂತೀರಿ? ರಾಗಿ ಹಿಟ್ಟಿನ ಉಂಡೆ! ಕ್ಯಾಂಪುಗಳಲ್ಲಿ ಹಿಡಿದ ಮೀನನ್ನ ತೂಗಿ, ಫೋಟೋ ತೆಗೆದು, ಮತ್ತೆ ಹೊಳೆಗೆ ಬಿಡುತ್ತಿದ್ದರು. ಅಭಯಾರಣ್ಯದೊಳಗೆ ಗಾಳ ಹಾಕೋದು ನಿಂತು ಈಗ ಹತ್ತು ವರ್ಷದ ಮೇಲಾಯಿತು. ತುಟಿಗೆ ಕೊಕ್ಕೆ ಚುಚ್ಚಿ ಬಿಟ್ಟು ಕಳಿಸೋದು ಯಾವ ದಯೆ ಅಂತ ಕೇಳಬಹುದು. ಗಾಳದವರ ಕಡೆಯಿಂದಲೂ ಒಂದು ಮಾತಿದೆ: ಅವರು ದಡದಲ್ಲಿ ಕೂತಿದ್ದಾಗ ಡೈನಮೈಟ್ ಹಾಕುವವರು ದೂರ ಇದ್ದರು, ಮುಂಚೆ ಕದ್ದು ಹಿಡಿಯುತ್ತಿದ್ದವರಿಗೇ ಕ್ಯಾಂಪಿನಲ್ಲಿ ಕೆಲಸ ಸಿಕ್ಕಿತ್ತು. ಆ ಗೂನುಬೆನ್ನಿನ ಮಹಶೀರ್ ಈಗ ಅಳಿವಿನ ಅಂಚಿನಲ್ಲಿದೆ. ಯಾರು ಸರಿ ಅಂತ ಒಂದೇ ಏಟಿಗೆ ಹೇಳೋಕಾಗಲ್ಲ.

"ಹೋಗ್ಲಿ ಬಿಡು, ನಿಮ್ಮೂರ ಕೆರೇಲೇ ಹಿಡಿಯೋಣ" ಅಂದ ಅವನು. ಆ ವರ್ಷದ ಮಳೆಗೆ ಕೆರೆ ತುಂಬಿತ್ತು. ಡಿಸೆಂಬರಿನ ಒಂದು ಶನಿವಾರ ಮೂರು ಜನರನ್ನ ಕರಕೊಂಡು ಹೊರಟೆ. ಬಂಗಾರಪೇಟೆಯಲ್ಲಿ ರೈಲಿಳಿದು, ಪಾನಿಪುರಿ ತಿನ್ನಿಸಿ, "ಪಾನಿ ಯಾಕೆ ನೀರಿನ ಥರ ಇದೆ?" ಅನ್ನೋ ಪ್ರಶ್ನೆಗೆ ಬಂಗಾರಪೇಟೆಯವರೆಲ್ಲ ಕೊಡುವ ಉತ್ತರ ಕೊಟ್ಟು (ಕುಡಿದು ನೋಡು, ಆಮೇಲೆ ಮಾತಾಡು), ಊರು ಸೇರುವಾಗ ಸಂಜೆ. ಎರೆಹುಳು ಕಟ್ಟಿ ಗಾಳ ಹಾಕಿದರೆ ನಾಲ್ಕು ಜಿಲೇಬಿ ಮೀನು ಬಿದ್ದವು. ಅವ್ವ ಸಾರು ಮಾಡಿದಳು, ಮುದ್ದೆ ಮಾಡಿದಳು. ಗೆಳೆಯರು ಮುದ್ದೆಯನ್ನ ಅಗಿದು ತಿಂದರು. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು.

ಡಿಸೆಂಬರ್ ಅಂದರೆ ನಮ್ಮ ಕಡೆ ರಾಗಿ ಕೊಯ್ದು ಹೊಲದಲ್ಲೇ ಗುಪ್ಪೆ ಹಾಕಿರುವ ಕಾಲ. ಆನೆಗಳೂ ಆಗಲೇ ಬರೋದು. ತಾತನ ಹುಡುಗುಪ್ರಾಯದಲ್ಲಿ ನಮ್ಮ ಕಡೆ ಆನೆ ಅಂದರೆ ದೇವಸ್ಥಾನದ ಆನೆ, ಸರ್ಕಸ್ಸಿನ ಆನೆ ಅಷ್ಟೇ. 1980ರ ದಶಕದಲ್ಲಿ ಹೊಸೂರು ಸೀಮೆಯ ಕಾಡುಗಳಿಂದ ಹೊರಟ ಗುಂಪುಗಳು ಚಿತ್ತೂರಿನ ಕಾಡು ಸೇರಿಕೊಂಡವು. ಆ ಕಾಡೇ ಈಗಿನ ಕೌಂಡಿನ್ಯ ಅಭಯಾರಣ್ಯ. ಅತ್ತ ಆಂಧ್ರ, ಇತ್ತ ತಮಿಳುನಾಡು, ನಡುವೆ ನಮ್ಮ ಹೊಲ. ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿದ ಮೇಲೆ ಅಲ್ಲಿ ಕೆಲಸಕ್ಕಿದ್ದ ನಮ್ಮ ದೊಡ್ಡಪ್ಪನೂ ಹೊಲಕ್ಕೇ ವಾಪಸಾದರು. ಹೊಲ ಬಿಟ್ಟರೆ ಬೇರೆ ದಾರಿ ಇಲ್ಲದವರ ಹೊಲ ಅದು.

ರಾತ್ರಿ ಶೆಡ್ಡಿನ ಮುಂದೆ ಬೆಂಕಿ ಹಾಕಿ ಕೂತೆವು. ಅಪ್ಪನ ಪಕ್ಕದಲ್ಲಿ ಟಾರ್ಚು, ಒಂದು ಎಣ್ಣೆ ಡಬ್ಬ, ಕೋಲು, ಪಟಾಕಿ ಸರ. ನಮ್ಮ ಪಕ್ಕದಲ್ಲಿ ಕ್ಯಾಮೆರಾ. ಹನ್ನೊಂದಾಯಿತು, ಹನ್ನೆರಡಾಯಿತು. ಒಬ್ಬ ಗೆಳೆಯ ಆಕಳಿಸಿ "ಇವತ್ತು ಬರಲ್ಲ ಅನ್ಸತ್ತೆ" ಅಂದ. ನನಗೆ ಅವಮಾನ ಆದ ಹಾಗಾಯಿತು. ನೆಂಟರ ಮುಂದೆ ಮಗು ಪದ್ಯ ಹೇಳಲಿಲ್ಲ ಅಂದರೆ ಆಗುತ್ತಲ್ಲ, ಆ ಥರ. ದೇವರಾಣೆ ಹೇಳ್ತೀನಿ, ಬರಲಪ್ಪಾ ಒಂದಾದರೂ ಅಂದುಕೊಂಡೆ.

"ಏನಪ್ಪಾ, ಮಲ್ಗಬಾರ್ದಾ?" ಅಂದರು ಅಪ್ಪ.

"ಇಲ್ಲಪ್ಪಾ, ಕಾಯ್ತಾ ಇದೀವಿ."

"ನಾನೂ ಕಾಯ್ತಾನೇ ಅವ್ನಿ" ಅಂದರು.

ಇಬ್ಬರ ಬಾಯಲ್ಲೂ ಒಂದೇ ಮಾತು. ನಾನು ಕಾಯುತ್ತಿದ್ದದ್ದು ಆನೆಗೆ. ಅಪ್ಪ ಕಾಯುತ್ತಿದ್ದದ್ದು ರಾಗಿಯನ್ನ. ಕನ್ನಡದಲ್ಲಿ ಈ ಎರಡಕ್ಕೂ ಒಂದೇ ಪದ ಯಾಕಿದೆ ಅಂತ ಅಲ್ಲಿಯವರೆಗೂ ನಾನು ಯೋಚನೆ ಮಾಡಿರಲಿಲ್ಲ.

ಎರಡು ಗಂಟೆ ಹೊತ್ತಿಗೆ ಪಕ್ಕದ ಹೊಲದಿಂದ ಸದ್ದು ಬಂತು. ಒಣಹುಲ್ಲು ಎಳೆದಾಡಿದ ಸದ್ದು. ನಾಲ್ಕೋ ಐದೋ ಇದ್ದವು, ಬೆಳದಿಂಗಳಲ್ಲಿ ಬಂಡೆಗಳೇ ನಡೆದ ಹಾಗೆ. "ಬಂತು!" ಅಂದೆ. ಆ ದನಿಯಲ್ಲಿದ್ದದ್ದು ಖುಷಿ. ನನ್ನ ಕಿವಿಗೇ ಕೇಳಿಸಿತು, ಅಪ್ಪನಿಗೂ ಕೇಳಿಸಿರಬೇಕು. ಅವರು ಅಷ್ಟು ಹೊತ್ತಿಗೆ ಡಬ್ಬ ಬಡಿಯುತ್ತಾ ಬದುವಿನ ಮೇಲೆ ಓಡುತ್ತಿದ್ದರು. ಅರವತ್ತೈದು ವರ್ಷದ ಮನುಷ್ಯ, ಕಾಲಲ್ಲಿ ಹವಾಯಿ ಚಪ್ಪಲಿ. ಸುತ್ತಲ ಹೊಲಗಳಿಂದಲೂ ಕೂಗು, ಪಟಾಕಿ. ಮುಕ್ಕಾಲು ಗಂಟೆಯಾದ ಮೇಲೆ ಆನೆಗಳು ಗುಡ್ಡದ ಕಡೆ ತಿರುಗಿದವು. ಅಷ್ಟೂ ಹೊತ್ತು ನಾವು ನಾಲ್ಕು ಜನ ಶೆಡ್ಡಿನ ಗೋಡೆಗೆ ಒರಗಿ ವಿಡಿಯೋ ಮಾಡಿದೆವು. ಚೆನ್ನಾಗಿ ಬಂದಿತ್ತು ವಿಡಿಯೋ.

ಬೆಳಿಗ್ಗೆ ಹೋಗಿ ನೋಡಿದರೆ ಪಕ್ಕದ ಹೊಲದ ಗುಪ್ಪೆಗಳು ನೆಲಸಮ. ಅದು ನಾನು ಅತ್ತೆ ಅಂತ ಕರೆಯುವವರ ಹೊಲ. ಗಂಡ ಇಲ್ಲ, ಒಬ್ಬ ಮಗ ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸಕ್ಕಿದ್ದಾನೆ. ಅತ್ತೆ ಮಣ್ಣಿನಿಂದ ತೆನೆ ಆರಿಸಿ ಮೊರಕ್ಕೆ ಹಾಕುತ್ತಿದ್ದರು. ನನ್ನನ್ನ ನೋಡಿ ಕೇಳಿದರು:

"ನಿಮ್ಮೋರು ನೋಡಿದ್ರೇನಪ್ಪಾ? ಬೆಂಗ್ಳೂರಿಂದ ಬಂದವ್ರೆ ಪಾಪ, ಸುಮ್ನೆ ಹೋಗ್ದಂಗಾಯ್ತಲ್ಲ ಬಿಡು."

ಚುಚ್ಚಿ ಹೇಳಿದ್ದಲ್ಲ. ಚುಚ್ಚಿದ್ದರೆ ನನಗೆ ಸುಲಭ ಆಗುತ್ತಿತ್ತು. ಅವರಿಗೆ ನಿಜವಾಗಿಯೂ ಬಂದ ನೆಂಟರಿಗೆ ಬೇಜಾರಾಗಬಾರದು ಅಂತ ಇತ್ತು. ನಾವು ನಾಲ್ಕೂ ಜನ ಕೂತು ತೆನೆ ಆರಿಸಿದೆವು. ಅಲಾಸ್ಕದ ಗೆಳೆಯ ಮಧ್ಯಾಹ್ನದವರೆಗೂ ಒಂದು ಮಾತಾಡಲಿಲ್ಲ. ಬೆಳೆ ಪರಿಹಾರದ ಅರ್ಜಿಗೆ ಫೋಟೋ ಬೇಕಿತ್ತು, ಅವನ ಕ್ಯಾಮೆರಾದಲ್ಲೇ ತೆಗೆದ. ಅರ್ಜಿ ನಾನು ತುಂಬಿದೆ. ಸ್ವಲ್ಪ ದುಡ್ಡೂ ಬಂತು ಅಂತ ಆಮೇಲೆ ಅಪ್ಪ ಹೇಳಿದರು. ವಿಡಿಯೋವನ್ನ ನಾವ್ಯಾರೂ ಎಲ್ಲೂ ಹಾಕಲಿಲ್ಲ. ಹಾಕಬಾರದು ಅಂತ ಮಾತಾಡಿಕೊಂಡಿದ್ದೂ ಅಲ್ಲ.

ಈಗ ಮತ್ತೆ ಮೊದಲಿನ ಪ್ರಶ್ನೆಗೆ ಬರ್ತೀನಿ. ಕಾಡುಪ್ರಾಣಿ ನೋಡುವ ಆಸೆ ತಪ್ಪು ಅಂತ ನನಗೆ ಅನ್ನಿಸಲ್ಲ. ಬೆನ್ನ ಮೇಲೆ ಮರಿ ಹೊತ್ತ ಆ ತಾಯಿ ಕರಡಿಯನ್ನ ನೋಡಿದ್ದು ನನ್ನ ಬದುಕಿನ ಒಳ್ಳೆಯ ಗಳಿಗೆಗಳಲ್ಲಿ ಒಂದು. ನೋಡದವರು ಉಳಿಸೋದೂ ಇಲ್ಲ. ಆದರೆ ನೋಡೋದಕ್ಕೆ ಒಂದು ಖರ್ಚಿದೆ, ಅದು ನಾವು ಕಟ್ಟುವ ಟಿಕೆಟ್ಟಲ್ಲ. ಬಂಡೆಗೆ ಬೆಲ್ಲ ಸವರಿದರೆ ಕರಡಿಯ ಬುದ್ಧಿ ಒಂಚೂರು ಬದಲಾಗುತ್ತೆ, ಅದು ಒಂದು ಖರ್ಚು. ಮೀನಿನ ತುಟಿ ಹರಿಯೋದು ಇನ್ನೊಂದು. ಆನೆ ನಮ್ಮ ಕಣ್ಣ ಮುಂದೆ ಬಂತು ಅಂದರೆ ಅತ್ತೆಯ ರಾಗಿ ಹೋಯಿತು. ನಾನು ಆ ರಾತ್ರಿ ಆನೆ ಬರಲಿ ಅಂದಾಗ ಬಯಸಿದ್ದು ಅರ್ಧ ಮಾತ್ರ. ಆನೆ ಬರಲಿ ಅನ್ನೋದಕ್ಕೆ ಅಂಟಿಕೊಂಡೇ ಇರುವ ಇನ್ನರ್ಧ, ಅಂದರೆ ಯಾರದೋ ಗುಪ್ಪೆ ಹೋಗಲಿ ಅನ್ನೋದು, ನನಗೆ ಗೊತ್ತಿದ್ದೂ ಅದನ್ನ ನೋಡದ ಹಾಗೆ ಇದ್ದೆ. ನನ್ನ ಗೆಳೆಯರಿಗೆ ಗೊತ್ತಿರಲಿಲ್ಲ, ಅವರದು ತಪ್ಪಲ್ಲ. ನನಗೆ ಗೊತ್ತಿತ್ತು. ತಪ್ಪು ಇದ್ದದ್ದು ಅಲ್ಲಿ ಅಂತ ಈಗ ಅನ್ನಿಸುತ್ತೆ.

ಹಾಗಾದರೆ ಏನು ಮಾಡಬೇಕು? ನನಗೆ ತೋಚಿದ್ದು ಇಷ್ಟೇ: ಬರೀ ನೋಡೋಕೆ ಕಾಯುವವನು, ಒಂದಿಷ್ಟು ಹೊತ್ತಾದರೂ ಇನ್ನೊಬ್ಬರದನ್ನ ಕಾಯೋಕೂ ಕೂರಬೇಕು. ಮುಂದೆ ಬರುವವರಿಗೆ ಸೌದೆ ಒಡೆದಿಟ್ಟು ಬರ್ತಾರಲ್ಲ, ಅದರ ಥರ.

ಮುಂದಿನ ವರ್ಷ, 2023ರಲ್ಲಿ, ಮಳೆ ಕೈಕೊಟ್ಟಿತು. ಅರ್ಧಕ್ಕರ್ಧ ರಾಗಿ ಹೊಲದಲ್ಲೇ ಒಣಗಿತ್ತು. ಕೈಗೆ ಬಂದ ಸ್ವಲ್ಪವೂ ಆನೆಗೆ ಹೋಗಬಾರದು ಅಂತ ಡಿಸೆಂಬರಿನಲ್ಲಿ ಒಂದು ವಾರ ರಜೆ ಹಾಕಿ ಹೋದೆ. ಅಲಾಸ್ಕದ ಗೆಳೆಯ ತಾನೇ ಕೇಳಿಕೊಂಡು ಬಂದ, ಕ್ಯಾಮೆರಾ ಬಿಟ್ಟು. ಪಾಳಿ ಹಾಕಿಕೊಂಡು ಕಾದೆವು. ನಮ್ಮ ಹೊಲ ಒಂದು ಸುತ್ತು, ಅತ್ತೆಯ ಹೊಲ ಒಂದು ಸುತ್ತು. ಡಬ್ಬ ಬಡಿದೂ ಬಡಿದೂ ಅವನ ಅಂಗೈಯಲ್ಲಿ ಬೊಬ್ಬೆ ಬಂತು.

ಆ ವಾರ ಆನೆ ಬರಲಿಲ್ಲ. ಸದ್ಯ ಅನ್ನಿಸಿತು. ಆದರೆ ಸುಳ್ಳು ಯಾಕೆ ಹೇಳಲಿ, ಕೊನೆಯ ಬೆಳಿಗ್ಗೆ ಬೆಂಕಿ ಆರಿಸುವಾಗ ಗುಡ್ಡದ ಕಡೆ ಒಂದು ಸಲ ತಿರುಗಿ ನೋಡಿದೆ. ಪಕ್ಕದಲ್ಲಿ ಅಪ್ಪನೂ ಅತ್ತಲೇ ನೋಡುತ್ತಿದ್ದರು.

"ಎತ್ತಲಾಗ್ ಹೋದ್ವೋ ಏನೋ," ಅಂದರು. "ಅವಕ್ಕೂ ಈ ವರ್ಸ ಮೇವಿಲ್ಲ."